ಗುಡಿಯ ಮರಕ್ಕೂ ಒಂದು ಲೆಕ್ಕ ಬೇಕು

ಮಂಡ್ಯ ಸೀಮೆಯವರಿಗೆ ಹಳೇ ದೇವಸ್ಥಾನ ಅಂದರೆ ಕಲ್ಲಿನದು. ನೆಂಟರು ಬಂದರೆ ನಾವು ಕರೆದುಕೊಂಡು ಹೋಗುವುದು ಬಸರಾಳಿಗೆ, ಕಿಕ್ಕೇರಿಗೆ, ಹೊಸಹೊಳಲಿಗೆ, ಮೇಲುಕೋಟೆಗೆ. ಬನ್ನೂರಿನ ಮೇಲೆ ಹೋದರೆ ಸೋಮನಾಥಪುರಕ್ಕೆ. ಬಸರಾಳಿನ ಮಲ್ಲಿಕಾರ್ಜುನನ ಗುಡಿಯನ್ನು 1234ರಲ್ಲಿ ಹರಿಹರ ದಂಡನಾಯಕ ಕಟ್ಟಿಸಿದ ಎಂದು ಹೈಸ್ಕೂಲು ಹುಡುಗರೂ ಹೇಳುತ್ತಾರೆ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗ ನಮ್ಮ ಕಡೆಯ ಜನರೂ ಖುಷಿಪಟ್ಟರು. ಕಲ್ಲಿಗೆ ಇಲಾಖೆ ಇದೆ, ಬೋರ್ಡು ಇದೆ, ಬೇಲಿ ಇದೆ, ಕಾವಲುಗಾರ ಇದ್ದಾನೆ. ಅದೇ ದೇವಸ್ಥಾನಗಳ ಮರಕ್ಕೆ ಏನಿದೆ? ತೇರಿನ ಬುಡದ ಕೆತ್ತನೆ ಹಲಗೆಗಳು, ಗರುಡ ಹನುಮಂತ ಕುದುರೆ ವಾಹನಗಳು, ಪಲ್ಲಕ್ಕಿ, ಬಾಗಿಲವಾಡ, ಉಯ್ಯಾಲೆ ಮಂಟಪ, ಇವುಗಳದ್ದೊಂದು ಪಟ್ಟಿ ಕೂಡ ಎಷ್ಟೋ ಊರುಗಳಲ್ಲಿ ಇಲ್ಲ. ಪಟ್ಟಿಯೇ ಇಲ್ಲದ ಮೇಲೆ ಏನು ಕಳೆದುಹೋದರೂ ಕೇಳುವವರಿಲ್ಲ.

ನಾನೇನೂ ಪಂಡಿತನಲ್ಲ. ಕೊತ್ತತ್ತಿ ಹೋಬಳಿಯಲ್ಲಿ ನಾಲೆ ನೀರು ನಂಬಿಕೊಂಡು ಕಬ್ಬು, ಭತ್ತ ಮಾಡುವವನು. ಊರ ಗುಡಿಯ ಸಮಿತಿಯಲ್ಲಿ ಜಮಾ ಖರ್ಚು ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಆ ಪುಸ್ತಕದಲ್ಲಿ ಕಂಚಿನ ಗಂಟೆಯ ತೂಕ ಇದೆ, ಬೆಳ್ಳಿ ಕವಚದ ತೂಕ ಇದೆ, ಧ್ವನಿವರ್ಧಕದ ಬಿಲ್ಲೂ ಇದೆ. ನೂರು ವರ್ಷ ದಾಟಿದ ಕೆತ್ತನೆಯ ಬಾಗಿಲವಾಡದ ಹೆಸರು ಒಂದು ಸಾಲಿನಲ್ಲೂ ಇಲ್ಲ.

ನಮ್ಮ ಕಡೆ ಜೀರ್ಣೋದ್ಧಾರ ನಡೆಯುವ ರೀತಿ ಎಲ್ಲರೂ ನೋಡಿದ್ದೇ. ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್, ಬಾಗಿಲಿಗೆ ಸ್ಟೀಲ್ ಗ್ರಿಲ್, ಆರ್‌ಸಿಸಿ ಗೋಪುರಕ್ಕೆ ಹತ್ತು ಬಣ್ಣದ ಎನಾಮಲ್. ಕಿತ್ತ ಮರ ಮೊದಲು ಗುಡಿಯ ಹಿಂದೆ ಗೋಡೆಗೆ ಒರಗುತ್ತದೆ. ಮಳೆಗಾಲ ಕಳೆದ ಮೇಲೆ ಒಂದಷ್ಟು ಅನ್ನಸಂತರ್ಪಣೆಯ ಒಲೆಗೆ ಹೋಗುತ್ತದೆ. ಚೆನ್ನಾಗಿ ಉಳಿದದ್ದನ್ನು ಗಾಡಿಯಲ್ಲಿ ಬರುವ ಹಳೇ ಸಾಮಾನಿನವನು ಕೊಂಡು ಹೋಗುತ್ತಾನೆ. ತೊಟ್ಟಿಮನೆಗಳ ಕಂಬ, ಬೋದಿಗೆಗಳು ಹೀಗೇ ಊರು ಬಿಟ್ಟು ರೆಸಾರ್ಟುಗಳ ವರಾಂಡ ಸೇರಿವೆ. ಈಗ ಸರದಿ ಗುಡಿಗಳದ್ದು.

ನಮ್ಮ ಸಮಿತಿಯ ಮುಂದೆಯೂ ಇದೇ ಮಾತು ಬಂತು. "ಅಣ್ಣೊ, ಗೆದ್ಲು ಹಿಡ್ದಿರೋ ಮರ ಇಟ್ಕಂಡು ಏನ್ ಮಾಡೀರಿ? ತೇಗದ್ದು ಹೊಸದು ಕೂರ್ಸದು. ಮಿಷಿನ್‌ನಲ್ಲಿ ಹೂವು, ಬಳ್ಳಿ ಎಲ್ಲಾ ಕೆತ್ಕೊಡ್ತಾರೆ" ಎಂದ ಒಬ್ಬ ಹುಡುಗ. ಅವನದೂ ತಪ್ಪಿಲ್ಲ, ಅವನು ಹುಟ್ಟಿದಾಗಿನಿಂದ ಆ ಬಾಗಿಲು ಬಣ್ಣ ಮೆತ್ತಿದ ಒಂದು ಚೌಕಟ್ಟಾಗಿಯೇ ಕಂಡಿದೆ. ನಾವು ಊರಿನ ಹಳೇ ಆಚಾರ್ರನ್ನು ಕರೆಸಿದೆವು. ನೇಗಿಲು, ಗಾಡಿ ಗಾಲಿ, ಮನೆ ಬಾಗಿಲು ಮಾಡಿ ಸುಗ್ಗಿಯಲ್ಲಿ ಆಯ ಪಡೆಯುತ್ತಿದ್ದ ಕಾಲದವರು. ಅವರು ಮೊದಲು ಹೊಸ್ತಿಲಿಗೆ ಬಾಚಿಯ ಹಿಂಬದಿಯಿಂದ ಕುಟ್ಟಿದರು. ಟೊಳ್ಳು ಸದ್ದು. ಆಮೇಲೆ ನಿಲುವುಗಳಿಗೆ ಕುಟ್ಟುತ್ತಾ ಮೇಲಕ್ಕೆ ಹೋದರು; ಮೊಣಕಾಲಿನಿಂದ ಮೇಲೆ ಗಟ್ಟಿ ಸದ್ದು. "ಗೆದ್ಲು ತಿಂದಿರದು ಹೊಸ್ತಿಲ ಕಣಪ್ಪ. ಮೇಲ್ಗಡೆ ಕಬ್ಬುಣ ಇದ್ದಂಗದೆ" ಎಂದರು.

ಆಮೇಲೆ ಚಾಕುವಿನ ತುದಿಯಿಂದ ಅಡ್ಡಪಟ್ಟಿಯ ನಡುವೆ ಸ್ವಲ್ಪ ಕೆರೆದರು. ಮೊದಲು ಚಾಕೊಲೇಟ್ ಬಣ್ಣ, ಅದರ ಕೆಳಗೆ ಹಸಿರು, ಅದರ ಕೆಳಗೆ ಹಳದಿ, ಕೊನೆಗೆ ಕಾವಿ. ಕಾವಿಯ ಕೆಳಗೆ ಮರ. ಗಜಲಕ್ಷ್ಮಿಯ ಎಡಗಡೆಯ ಆನೆ ಅದು. ಅಷ್ಟು ದಿನ ಬರೀ ಉಬ್ಬಾಗಿದ್ದ ಸೊಂಡಿಲಿನ ಮೇಲೆ ಅಡ್ಡಡ್ಡ ಗೆರೆಗಳು ಎದ್ದು ಬಂದವು, ಹತ್ತಿರ ಹತ್ತಿರ, ಒಂದೊಂದಕ್ಕೂ ಉಳಿಯ ಒಂದೇ ಏಟು. ಸೊಂಡಿಲು ಮಡಿಸುವ ಕಡೆ ಗೆರೆಗಳು ಒತ್ತಾಗಿವೆ, ಚಾಚಿದ ಕಡೆ ಬಿಡಿಬಿಡಿಯಾಗಿವೆ. ಆನೆಯನ್ನು ಕಣ್ಣಾರೆ ನೋಡಿ ಕೆತ್ತಿದ ಕೈ ಅದು. ನಾವು ಭಕ್ತಿಯಿಂದ, ಹಬ್ಬ ಹಬ್ಬಕ್ಕೆ, ದುಡ್ಡು ಕೊಟ್ಟು, ಆ ಗೆರೆಗಳ ಮೇಲೆ ಬಣ್ಣ ತುಂಬಿದ್ದೆವು.

ಈ ಚರ್ಚೆ ಮುಗಿಯುವ ಮೊದಲೇ ಸುಳ್ಯದಲ್ಲಿರುವ ಮಗಳ ಮನೆಗೆ ಹೋಗಬೇಕಾಗಿ ಬಂತು. ಅಲ್ಲಿಂದ ಜಾಲ್ಸೂರು, ಮುಳ್ಳೇರಿಯ, ಚೆರ್ಕಳದ ದಾರಿ ಹಿಡಿದರೆ ಕಾಸರಗೋಡು ದೂರವಲ್ಲ. ಮಧೂರು ಗಣಪತಿಗೆ ಹರಕೆ ಇದೆ ಅಂತ ಮನೆಯವರು ಹೇಳಿದರು. ಮರದ ಕೆಲಸ ನೋಡಿದ ಹಾಗೂ ಆಗುತ್ತದೆ ಅಂತ ನಾನೂ ಹೊರಟೆ.

ಮಧೂರು ಕಾಸರಗೋಡು ಪೇಟೆಯಿಂದ ಎಂಟು ಕಿಲೋಮೀಟರ್ ಒಳಗೆ, ಮಧುವಾಹಿನಿ ಹೊಳೆಯ ದಂಡೆಯಲ್ಲಿದೆ. 1956ರ ನವೆಂಬರ್ 1ರಂದು ಆ ಸೀಮೆ ಕೇರಳಕ್ಕೆ ಸೇರಿದರೂ ಗುಡಿಯ ಅಂಗಳದಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಕೇಳುತ್ತವೆ. ಅಲ್ಲಿನ ಮೂಲ ದೇವರು ಮದನಂತೇಶ್ವರ, ಅಂದರೆ ಶಿವ. ಮದರು ಎಂಬ ದಲಿತ ಹೆಣ್ಣುಮಗಳು ಹುಲ್ಲು ಕೊಯ್ಯುವಾಗ ಕತ್ತಿ ತಗುಲಿ ಲಿಂಗ ಕಂಡಿತು ಎನ್ನುವುದು ಸ್ಥಳದ ಕತೆ. ಜನ ಮುಗಿಬೀಳುವುದು ಮಾತ್ರ ಗಣಪತಿಗೆ. ಅರ್ಚಕರ ಮನೆಯ ಹುಡುಗನೊಬ್ಬ ಗರ್ಭಗುಡಿಯ ತೆಂಕು ಗೋಡೆಯ ಮೇಲೆ ಆಟಕ್ಕೆ ಬರೆದ ಗಣಪ ದಪ್ಪಗಾಗುತ್ತಾ ಹೋದ ಎಂದು ಅಲ್ಲಿಯವರು ಹೇಳುತ್ತಾರೆ. ಅಪ್ಪ ಅಲ್ಲಿನ ಪ್ರಸಾದ. ಗಣಪತಿಯನ್ನೇ ಅಪ್ಪದಿಂದ ಮುಚ್ಚುವ ಮೂಡಪ್ಪ ಸೇವೆ 1992ರಲ್ಲಿ ನಡೆದ ಮೇಲೆ ಮತ್ತೆ ನಡೆದದ್ದು 2025ರಲ್ಲಿ, ಜೀರ್ಣೋದ್ಧಾರ ಮುಗಿಸಿ ಬ್ರಹ್ಮಕಲಶ ಮಾಡಿದಾಗ.

ಗಂಡಸರು ಅಂಗಿ ತೆಗೆದೇ ಒಳಗೆ ಹೋಗಬೇಕು. ದರ್ಶನ ಮುಗಿಸಿ ಸುತ್ತು ಬರುವಾಗ ನಾನು ತಲೆ ಎತ್ತಿಕೊಂಡೇ ನಡೆದೆ. ಮೂರಂತಸ್ತಿನ ಮಾಡು, ತಾಮ್ರದ ತಗಡು. ಮುಂದೆ ನೇರ, ಹಿಂದೆ ಗುಂಡು. ಶಾಸ್ತ್ರದವರು ಗಜಪೃಷ್ಠ ಎನ್ನುವ ಆಕಾರ. ಅಂತಸ್ತುಗಳ ನಡುವೆ, ಮಾಡಿನ ನೆರಳಿನಲ್ಲಿ, ಮರದ ಕೆತ್ತನೆ. ಮುಂದಿನ ಮಂಟಪದಲ್ಲಿ ರಾಮಾಯಣದ ಪಾತ್ರಗಳು. ಹತ್ತಿರದ ಕುಂಬಳೆ ಯಕ್ಷಗಾನದ ಪಾರ್ತಿಸುಬ್ಬನ ಊರೆಂದು ಹೆಸರಾದದ್ದು. ಅವನ ಹೆಸರಿನಲ್ಲಿ ನಡೆದುಬಂದ ರಾಮಾಯಣ ಪ್ರಸಂಗಗಳನ್ನು ರಾತ್ರಿಯೆಲ್ಲ ಕೂತು ನೋಡಿದ ಜನರಿಗೆ ಈ ಮರದ ರಾಮ, ಸೀತೆ, ರಾವಣರ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಆಟದಲ್ಲಿ ಕಂಡವರೇ ಮಂಟಪದಲ್ಲೂ ನಿಂತಿದ್ದಾರೆ.

ನನ್ನ ಕಣ್ಣು ಹೆಚ್ಚು ಹೊತ್ತು ನಿಂತದ್ದು ಹಿಂಬದಿಯ ಸೂರಿನ ಮೇಲೆ. ನೇರ ಗೋಡೆಯ ಮೇಲೆ ಪಕಾಸಿಗಳನ್ನು ಸಾಲಾಗಿ ಇಳಿಬಿಡುವುದು ಯಾವ ಬಡಗಿಗೂ ಗೊತ್ತು. ಗೋಡೆ ಗುಂಡಗಾದಾಗ ಕಷ್ಟ ಶುರು. ಪಕಾಸಿಗಳೆಲ್ಲ ಮೇಲೆ ಒಂದು ಕಡೆ ಸೇರಬೇಕು, ಕೆಳಗೆ ಸಮ ಅಂತರದಲ್ಲಿ ಹರಡಬೇಕು. ಅವು ಅಲುಗದ ಹಾಗೆ ಒಂದೊಂದಕ್ಕೂ ತೂತು ತೆಗೆದು, ಎಲ್ಲದರೊಳಗೂ ಹಾದುಹೋಗುವ ಹಾಗೆ ಮರದ ಪಟ್ಟಿ ತೂರಿಸುವುದು ಕೇರಳ, ತುಳುನಾಡಿನ ಪದ್ಧತಿ. ನೇರ ಸಾಲಿನಲ್ಲಾದರೆ ತೂತೂ ನೇರ. ಗುಂಡಿನಲ್ಲಿ ಪಕಾಸಿಯಿಂದ ಪಕಾಸಿಗೆ ದಿಕ್ಕು ತಿರುಗುತ್ತದೆ, ತೂತಿನ ಓರೆಯೂ ಅದಕ್ಕೆ ತಕ್ಕಂತೆ ಹೊರಳಬೇಕು. ಒಂದು ನೂಲು ತಪ್ಪಿದರೆ ಪಟ್ಟಿ ಮುಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಮೇಲೆ ಏರಿಸುವ ಮೊದಲೇ ನೆಲದ ಮೇಲೆ ಲೆಕ್ಕ ಮುಗಿದಿರಬೇಕು. ರಾಮಾಯಣ ಕೆತ್ತಿದವರಿಗೆ ನಮಸ್ಕಾರ. ಆ ತೂತುಗಳನ್ನು ಲೆಕ್ಕ ಹಾಕಿದವರಿಗೂ ಅಷ್ಟೇ ದೊಡ್ಡ ನಮಸ್ಕಾರ.

ನಮ್ಮ ಮಂಡ್ಯದಲ್ಲಿ ವರ್ಷಕ್ಕೆ ಏಳುನೂರು ಮಿಲಿಮೀಟರ್ ಆಜುಬಾಜು ಮಳೆ. ಕಾಸರಗೋಡಿನಲ್ಲಿ ಅದರ ನಾಲ್ಕೈದು ಪಟ್ಟು. ಹಾಗಿದ್ದೂ ಮರದ ಗುಡಿ ನಿಂತಿರುವುದು ಅಲ್ಲಿ, ಮರ ಉಳಿಯುವುದಿಲ್ಲ ಎಂದು ಗ್ರಿಲ್ ಹಾಕುತ್ತಿರುವುದು ಇಲ್ಲಿ. ಇದಕ್ಕೆ ಕಾರಣ ಭಕ್ತಿ ಹೆಚ್ಚು ಕಡಿಮೆ ಅಂತೇನಲ್ಲ. ಅಲ್ಲಿ ಮರವನ್ನು ಕಲ್ಲಿನ ಜಗಲಿಯ ಮೇಲೆ ಎತ್ತಿ ಇಟ್ಟಿದ್ದಾರೆ, ನೆಲದ ತೇವ ಮುಟ್ಟುವುದಿಲ್ಲ. ಸೂರನ್ನು ಉದ್ದ ಇಳಿಸಿದ್ದಾರೆ, ಎರಚಲು ತಾಗುವುದಿಲ್ಲ. ಗಾಳಿಯಾಡಲು ಸಂದು ಬಿಟ್ಟಿದ್ದಾರೆ. ಕರಾವಳಿಯ ಕಡೆ ದೋಣಿಗೂ ಮರಕ್ಕೂ ಗೇರು ಬೀಜದ ಸಿಪ್ಪೆಯ ಎಣ್ಣೆ ಬಳಿಯುವ ರೂಢಿ ಇದೆ. ಅದು ಮರದೊಳಗೆ ಇಂಗುತ್ತದೆ. ಎನಾಮಲ್ ಹಾಗಲ್ಲ, ಮೇಲೆ ಪೊರೆ ಕಟ್ಟಿ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಬ್ರಹ್ಮಕಲಶದ ಹೆಸರಿನಲ್ಲಿ ಊರು ಸೇರಿ ಗುಡಿಯ ಮಾಡು, ತೊಲೆ, ಪಕಾಸಿ ಪರೀಕ್ಷೆ ಮಾಡುವ ಸಂಪ್ರದಾಯ ಇದೆ. ಕೆಟ್ಟ ಮರದ ಜಾಗಕ್ಕೆ ಮರವೇ ಬರುತ್ತದೆ ಎಂಬ ನಂಬಿಕೆ ಜನರಲ್ಲಿದೆ.

ಮರದ ಕೆಲಸ ಕಲ್ಲಿಗಿಂತ ಕಡಿಮೆ ದರ್ಜೆಯದು ಎನ್ನುವವರು ಐಹೊಳೆಗೆ ಹೋಗಿ ಲಾಡ್‌ಖಾನ್ ಗುಡಿಯ ಚಾವಣಿ ನೋಡಬೇಕು. ಇಳಿಜಾರಾದ ಕಲ್ಲು ಚಪ್ಪಡಿಗಳ ಕೂಡುಗೆರೆಯ ಮೇಲೆ ದುಂಡು ಮರದ ದಿಮ್ಮಿಯ ಹಾಗೆ ಕೆತ್ತಿದ ಕಲ್ಲಿನ ಪಟ್ಟಿಗಳಿವೆ. ಕಲ್ಲುಕುಟಿಗ ಬಡಗಿಯಿಂದ ಕಲಿತದ್ದಕ್ಕೆ ಅದು ಸಾಕ್ಷಿ. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ ಕೆಳಗೆ ಕಲ್ಲು, ಮೇಲೆ ಮರ. ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ ಆ ಊರಿನ ಬಸದಿಗಳನ್ನು ನೇಪಾಳದ ಗುಡಿಗಳಿಗೆ ಹೋಲಿಸಿದ್ದ. ಅದೇ ಊರಿನ ಚೌಟರ ಅರಮನೆಯ ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಬಾಗಿ ಬಳುಕಿ ಒಂದು ಆನೆಯಾಗಿದ್ದಾರೆ, ಇನ್ನೊಂದರಲ್ಲಿ ಐವರು ಸೇರಿ ಕುದುರೆಯಾಗಿದ್ದಾರೆ. ದೂರದಿಂದ ಆನೆ, ಹತ್ತಿರ ಹೋದರೆ ಯಾರ ಕಾಲು ಎಲ್ಲಿ ಮುಗಿದು ಯಾರ ಜಡೆ ಎಲ್ಲಿ ಶುರುವಾಯಿತು ಎಂದು ಹುಡುಕಬೇಕು. ಹೊಯ್ಸಳರ ಯಾವ ಶಿಲ್ಪಿಯ ಮುಂದೆ ಇಟ್ಟರೂ ತಲೆ ತಗ್ಗಿಸುವ ಕೆಲಸ ಅಲ್ಲ.

ಹಾಗಂತ ಮರವೆಲ್ಲ ಕರಾವಳಿಯದು, ಕಲ್ಲು ನಮ್ಮದು ಎಂದು ಹಂಚಿಕೊಳ್ಳುವುದೂ ಸರಿಯಲ್ಲ. ಶಿರಸಿಯ ಮಾರಿಕಾಂಬೆ ಮರದ ದೇವಿ. ನಮ್ಮ ಬಯಲುಸೀಮೆಯ ಸೋಮನ ಕುಣಿತದಲ್ಲಿ ಗ್ರಾಮದೇವತೆಯ ಮುಂದೆ ಕುಣಿಯುವ ಕೆಂಪು, ಹಳದಿ ಸೋಮಗಳ ಮುಖ ಮರದ್ದು. ಮೂಲ ದೇವರು ಕಲ್ಲಾಗಿದ್ದು ಅಲುಗದೆ ಕೂತಿದ್ದರೂ, ವರ್ಷಕ್ಕೊಮ್ಮೆ ಊರ ಬೀದಿಗೆ ಬರುವಾಗ ಹತ್ತುವುದು ಮರದ ತೇರನ್ನು. ಆ ತೇರನ್ನು ಜಾತ್ರೆಯ ದಿನ ನಾವು ಸರಿಯಾಗಿ ನೋಡುವುದೂ ಇಲ್ಲ. ಬಿದಿರು ಕಟ್ಟಿ, ಬಣ್ಣದ ಬಟ್ಟೆ ಹೊದಿಸಿ, ಬಾಳೆಕಂದು ನಿಲ್ಲಿಸಿ ಎತ್ತರ ಮಾಡಿದ ಮೇಲೆ ಕಣ್ಣು ಕಳಸದ ಮೇಲೆ. ನಿಜವಾದ ಕೆಲಸ ಇರುವುದು ಗಾಲಿಯ ಮೇಲಿನ ಹಲಗೆಗಳಲ್ಲಿ. ಕೆಳಗೆ ಕಿರಿದಾಗಿ, ಮೇಲೆ ಹೋಗುತ್ತಾ ಅಗಲವಾಗುವ ಆ ಅಂತಸ್ತುಗಳ ತುಂಬ ದಶಾವತಾರ, ಯಾಳಿ, ಹಂಸ, ಕುಸ್ತಿ ಆಡುವವರು, ಬೇಟೆಗಾರರು. ಉಳಿದ ದಿನಗಳಲ್ಲಿ ಆ ತೇರು ತಗಡಿನ ಗೂಡಿನಲ್ಲಿ, ಎಷ್ಟೋ ಕಡೆ ಬರೀ ಟಾರ್ಪಾಲಿನ ಕೆಳಗೆ ನಿಂತಿರುತ್ತದೆ. ಗಾಲಿಯ ಪಕ್ಕ ಎಮ್ಮೆ ಕಟ್ಟುತ್ತಾರೆ.

ಅಸಡ್ಡೆಯ ಬೆಲೆ ಏನೆಂದು ನಾಡು 2017ರ ಫೆಬ್ರುವರಿಯಲ್ಲಿ ಒಂದೇ ತಿಂಗಳಲ್ಲಿ ಎರಡು ಸಲ ಕಂಡಿತು. ಚಾಮರಾಜನಗರದ ಚಾಮರಾಜೇಶ್ವರನ ತೇರಿಗೆ ಕಿಡಿಗೇಡಿಯೊಬ್ಬ ಬೆಂಕಿ ಇಟ್ಟ. ಕೊಟ್ಟೂರಿನಲ್ಲಿ ಜಾತ್ರೆಯ ದಿನವೇ ತೇರು ಉರುಳಿತು. ಚಾಮರಾಜನಗರದ ಗುಡಿ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ತಂದೆಯ ನೆನಪಿಗೆ ಕಟ್ಟಿಸಿದ್ದು. ಅಲ್ಲಿಯ ಆಷಾಢದ ತೇರಿಗೆ ಹೊಸದಾಗಿ ಮದುವೆಯಾದ ಜೋಡಿಗಳು ಬಂದು ಹಣ್ಣು, ಜವನ ಎಸೆಯುವುದು ವಾಡಿಕೆ. ಬೆಂಕಿ ಬಿದ್ದ ಮೇಲೆ ಐದು ವರ್ಷ ಆ ತೇರು ನಡೆಯಲಿಲ್ಲ. ಹೊಸ ತೇರು ಎಳೆದದ್ದು 2022ರಲ್ಲಿ. ಅಷ್ಟು ವರ್ಷಗಳ ಹೊಸ ಜೋಡಿಗಳು ಹಣ್ಣು ಎಸೆಯದೇ ಉಳಿದರು. ಮೈಸೂರು ಸೀಮೆಯ ನಮಗೆ ಇದು ಹೊಸ ಪಾಠವೇನಲ್ಲ. 1897ರಲ್ಲಿ ಮೈಸೂರಿನ ಹಳೇ ಮರದ ಅರಮನೆ ಬೆಂಕಿಗೆ ಹೋಯಿತು. ಈಗ ನಾವು ದಸರಾದಲ್ಲಿ ನೋಡುವ ಅರಮನೆ 1912ಕ್ಕೆ ಮುಗಿದದ್ದು.

ಸುಟ್ಟದ್ದನ್ನು ಮತ್ತೆ ಮಾಡಬಹುದು, ಅದರ ಅಳತೆ ನಮ್ಮ ಹತ್ತಿರ ಇದ್ದರೆ. ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿಯ ಓಕ್ ಮರದ ಮಾಡು 2019ರ ಏಪ್ರಿಲ್‌ನಲ್ಲಿ ಸುಟ್ಟುಹೋಯಿತು. ಕಾಂಕ್ರೀಟ್, ಕಬ್ಬಿಣ ಎಲ್ಲದರ ಸಲಹೆ ಬಂದರೂ ಫ್ರಾನ್ಸಿನವರು ಓಕ್ ಮರವನ್ನೇ ಕೊಡಲಿಯಿಂದ ಕೆತ್ತಿ ಮಾಡು ಕಟ್ಟಿ 2024ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದರು. ಅವರಿಗೆ ಆಸರೆಯಾದದ್ದು 2014ರಲ್ಲಿ ಇಬ್ಬರು ವಾಸ್ತುಶಿಲ್ಪಿಗಳು ಆ ಮಾಡಿನ ತೊಲೆಗಳನ್ನು ಅಳೆದು ಬರೆದಿಟ್ಟಿದ್ದ ನಕ್ಷೆ. ಬೆಂಕಿ ಬೀಳುತ್ತದೆ ಅಂತ ಅವರು ಅಳೆದಿರಲಿಲ್ಲ. ಅಳೆದಿಡಬೇಕಾದ ಕೆಲಸ ಅಂತ ಅಳೆದಿದ್ದರು. ನಮ್ಮ ಜಿಲ್ಲೆಯ ಯಾವುದಾದರೂ ಹಳ್ಳಿ ತೇರು ನಾಳೆ ಸುಟ್ಟರೆ ಅದರ ಮೇಲೆ ಏನಿತ್ತು ಎನ್ನುವುದಕ್ಕೆ ಮದುವೆ ಆಲ್ಬಮ್ಮಿನ ಫೋಟೊಗಳನ್ನು ಹುಡುಕಬೇಕು.

ಹಳೇದನ್ನು ಮುಟ್ಟಲೇಬಾರದು ಅಂತ ನನ್ನ ವಾದ ಅಲ್ಲ. ಮರ ಸವೆಯುತ್ತದೆ, ಬದಲಾಯಿಸಲೇಬೇಕು. ದೇವರ ವಿಷಯದಲ್ಲೂ ಹಾಗೇ. ಪುರಿಯ ಜಗನ್ನಾಥನ ಮರದ ವಿಗ್ರಹಗಳನ್ನೇ ನವಕಳೇವರದಲ್ಲಿ ಹೊಸದಾಗಿ ಮಾಡುತ್ತಾರೆ. 1996ರಲ್ಲಿ ಆಗಿತ್ತು, ಆಮೇಲೆ 2015ರಲ್ಲಿ. ಜಪಾನಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಪೂರ್ತಿ ಹೊಸ ಮರದಲ್ಲಿ ಕಟ್ಟುತ್ತಾರೆ. ಕಳೆದ ಸಲ 2013ರಲ್ಲಿ, ಮುಂದಿನದು 2033ಕ್ಕೆ. ಅಲ್ಲಿನ ಬಡಗಿ ಹರೆಯದಲ್ಲಿ ಹಿರಿಯರ ಕೈಕೆಳಗೆ ಒಂದು ಸಲ ಕಟ್ಟುತ್ತಾನೆ, ನಡುವಯಸ್ಸಿನಲ್ಲಿ ತಾನೇ ಮುಂದೆ ನಿಂತು ಇನ್ನೊಂದು ಸಲ ಕಟ್ಟುತ್ತಾನೆ. ಹೀಗೆ ಗುಡಿಯ ಜೊತೆಗೆ ಕೆಲಸ ಬಲ್ಲ ಕೈಗಳೂ ಹೊಸದಾಗುತ್ತವೆ. ಎರಡೂ ಕಡೆ ಬದಲಾವಣೆಗೆ ಕಟ್ಟುಪಾಡು ಇದೆ: ಯಾವ ಮರ, ಯಾರು ಕಡಿಯಬೇಕು, ಯಾರು ಕೆತ್ತಬೇಕು, ಹಳೇದನ್ನು ಏನು ಮಾಡಬೇಕು. ನಮ್ಮ ಕಡೆ ಕಟ್ಟುಪಾಡಿನ ಜಾಗದಲ್ಲಿ ಕಂಟ್ರಾಕ್ಟರ್ ಕೂತಿದ್ದಾನೆ.

ಉಡುಪಿ ಕಡೆಯ ಶಿರಿಯಾರದ ಹತ್ತಿರ ಮೆಕ್ಕೆಕಟ್ಟು ನಂದಿಕೇಶ್ವರ ಗುಡಿ ಇದೆ. ಅಲ್ಲಿಯ ಬಣ್ಣ ಹಚ್ಚಿದ ಹಳೇ ಮರದ ಭೂತದ ಮೂರ್ತಿಗಳು ಈಗ ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿವೆ. ಊರಿನಲ್ಲಿ ಪೂಜೆಗೆ ಹೊಸ ಮೂರ್ತಿಗಳಿವೆ. ಹಳೇ ಮೂರ್ತಿಗಳು ಉಳಿದಿವೆ ಎನ್ನುವುದು ಸಮಾಧಾನದ ವಿಷಯವೇ. ಆದರೆ ಪ್ರತಿ ಊರಿನ ಮರವೂ ದೆಹಲಿ ಸೇರಲಾರದು, ಸೇರಬೇಕಾಗಿಯೂ ಇಲ್ಲ. ಊರಿನದು ಊರಿನಲ್ಲೇ, ನೆಲದಿಂದ ಎರಡಡಿ ಎತ್ತರದ ಒಣ ಕೋಣೆಯಲ್ಲಿ ಇದ್ದರೆ ಸಾಕು.

ಕಾನೂನು ಇಲ್ಲವೇ ಅಂದರೆ ಇದೆ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ಹಳೆಯ ಕೆತ್ತನೆ ಪುರಾತನ ವಸ್ತು. ಕಲ್ಲಾದರೂ ಅಷ್ಟೇ, ಮರವಾದರೂ ಅಷ್ಟೇ. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವ ಹಾಗಿಲ್ಲ, ಖಾಸಗಿಯವರು ದೇಶದ ಹೊರಗೆ ಸಾಗಿಸುವ ಹಾಗಿಲ್ಲ. ಆದರೆ ಹಳೇ ಸಾಮಾನಿನ ಗಾಡಿ ಊರಿಗೆ ಬಂದಾಗ ಕಾಯಿದೆ ಪುಸ್ತಕ ಹಿಡಿದು ಯಾರು ನಿಲ್ಲುತ್ತಾರೆ? ರಾಜ್ಯದಲ್ಲಿ ಮುಜರಾಯಿ ದೇವಸ್ಥಾನಗಳು ಸುಮಾರು 34 ಸಾವಿರ. ಅದರಲ್ಲಿ ಬಹುಪಾಲು ಸಿ ವರ್ಗದವು, ಅಂದರೆ ವರ್ಷದ ಆದಾಯ 5 ಲಕ್ಷ ರೂಪಾಯಿಯೂ ಇಲ್ಲದವು. ಮುಜರಾಯಿಗೆ ಸೇರದ ಊರೊಟ್ಟಿನ ಗುಡಿಗಳು ಬೇರೆ. ಇವುಗಳ ಮರದ ಗತಿ ತೀರ್ಮಾನ ಮಾಡುವುದು ನನ್ನಂಥ ಏಳೆಂಟು ಜನ ಸಮಿತಿಯವರು, ಅರಳಿಕಟ್ಟೆಯ ಮೇಲೆ ಕೂತು, ಅರ್ಧ ಗಂಟೆಯಲ್ಲಿ. ಆದ್ದರಿಂದ ನನ್ನ ಮಾತು ಇಲಾಖೆಗಿಂತ ಮೊದಲು ನಮ್ಮವರಿಗೆ.

ಆಕ್ಷೇಪಣೆಗಳು ನನಗೂ ಗೊತ್ತು. ಖರ್ಚು ಜಾಸ್ತಿ ಎನ್ನುತ್ತಾರೆ. ನಮ್ಮ ಬಾಗಿಲವಾಡದ ಹೊಸ್ತಿಲನ್ನಷ್ಟೇ ಹೊನ್ನೆ ಮರದಲ್ಲಿ ಬದಲಾಯಿಸಿ, ಬಣ್ಣ ತೆಗೆದು, ಎಣ್ಣೆ ಕುಡಿಸಲು ಆಚಾರ್ರು ಹೇಳಿದ ಹಣ ಹೊಸ ಬಾಗಿಲಿನ ಅಂದಾಜಿಗಿಂತ ಕಡಿಮೆಯೇ ಇತ್ತು. ಕೆಲಸ ಬಲ್ಲವರು ಎಲ್ಲಿದ್ದಾರೆ ಎನ್ನುತ್ತಾರೆ. ಬಿಡದಿ ಹತ್ತಿರದ ಜೋಗರದೊಡ್ಡಿಯಲ್ಲಿ ಕೆನರಾ ಬ್ಯಾಂಕಿನವರ ಕುಶಲಕರ್ಮಿ ತರಬೇತಿ ಸಂಸ್ಥೆ ಇದೆ, ಕಾರ್ಕಳದ ಮಿಯಾರಿನಲ್ಲಿ ಸಿ.ಇ. ಕಾಮತ್ ಸಂಸ್ಥೆ ಇದೆ. ಎರಡೂ ಕಡೆ ಹುಡುಗರಿಗೆ ಮರ, ಕಲ್ಲಿನ ಕೆತ್ತನೆ ಕಲಿಸುತ್ತಾರೆ. ಕೋಟೇಶ್ವರ, ಕುಂಭಾಶಿಯ ರಥಶಿಲ್ಪಿಗಳು 2019ರಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೊಸ ಬ್ರಹ್ಮರಥ ಕಟ್ಟಿ ಕೊಟ್ಟಿದ್ದಾರೆ. ಕೈಗಳು ಇವೆ, ಅವನ್ನು ಕರೆಯುವ ಊರುಗಳು ಕಡಿಮೆ. ಕಲಿತು ಬಂದ ಹುಡುಗನಿಗೆ ನಾವು ಕೆಲಸ ಕೊಡದಿದ್ದರೆ ಅವನು ತೂಬಿನಕೆರೆಯ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟಿಗೆ ಹೋಗುತ್ತಾನೆ, ಅವನ ಉಳಿ ಮನೆಯ ಅಟ್ಟ ಸೇರುತ್ತದೆ. ಭಕ್ತರಿಗೆ ಮಿಂಚಬೇಕು ಎನ್ನುವುದು ಮೂರನೇ ಮಾತು. ಬಣ್ಣ ತೆಗೆದ ಆ ಆನೆಯ ಸೊಂಡಿಲನ್ನು ನೋಡಿದ ಮೇಲೆ ಹಾಗೆಂದವರಲ್ಲಿ ಯಾರೂ ಮತ್ತೆ ಡಬ್ಬಿ ತರಲಿಲ್ಲ. ಮಿಷಿನ್ ಮಾತಾಡಿದ್ದ ಹುಡುಗನೇ ಸೊಂಡಿಲಿನ ಫೋಟೊ ತೆಗೆದು ಊರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ.

ನಮ್ಮ ಸಮಿತಿ ಕೊನೆಗೆ ಬಾಗಿಲವಾಡ ಉಳಿಸಿಕೊಳ್ಳುವುದು, ಹೊಸ್ತಿಲು ಮಾತ್ರ ಹೊಸದು ಹಾಕಿಸುವುದು ಎಂದು ಠರಾವು ಬರೆಯಿತು. ಜಮಾ ಖರ್ಚಿನ ಪುಸ್ತಕದಲ್ಲಿ ಗಂಟೆ, ಕವಚದ ಕೆಳಗೆ ಬಾಗಿಲವಾಡದ ಉದ್ದ, ಅಗಲ, ಮೇಲಿನ ಕೆತ್ತನೆಯ ವಿವರ ಈಗ ಸೇರಿದೆ.

ಬೇರೆ ಊರಿನ ಸಮಿತಿಯವರಿಗೆ, ಮುಖ್ಯವಾಗಿ ಚುರುಕಾಗಿ ಓಡಾಡುವ ಹುಡುಗರಿಗೆ ನನ್ನ ಮನವಿ ಇಷ್ಟು. ಜೀರ್ಣೋದ್ಧಾರದ ಮಾತು ಎತ್ತುವ ಮೊದಲು ಗುಡಿಯಲ್ಲಿರುವ ಮರದ ಪ್ರತಿಯೊಂದು ಸಾಮಾನಿನ ಫೋಟೊ ತೆಗೆಯಿರಿ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು. ತೇರಿನ ಹಲಗೆಗಳನ್ನು ಬಿಡಿಬಿಡಿಯಾಗಿ, ಯಾವ ಪಕ್ಕ, ಯಾವ ಅಂತಸ್ತು ಎಂದು ಬರೆದು ತೆಗೆಯಿರಿ. ಒಂದು ಪ್ರತಿ ಸಮಿತಿಯಲ್ಲಿ, ಒಂದು ಗ್ರಾಮ ಪಂಚಾಯಿತಿಯಲ್ಲಿ, ಮುಜರಾಯಿ ಗುಡಿಯಾದರೆ ಒಂದು ತಹಶೀಲ್ದಾರರ ಕಚೇರಿಯಲ್ಲಿ ಇರಲಿ. ಕೆತ್ತನೆಗೆ ಎನಾಮಲ್ ಬೇಡ. ತೇರಿನ ಗೂಡಿನೊಳಗೆ ಕರೆಂಟ್ ವೈರು, ಹುಲ್ಲು, ಟಾರ್ಪಾಲಿನ ರಾಶಿ ಬೇಡ. ಜಾತ್ರೆಗೆ ತಿಂಗಳ ಮೊದಲೇ ಅಚ್ಚು, ಗಾಲಿಯನ್ನು ಕೆಲಸ ಬಲ್ಲವರಿಗೆ ತೋರಿಸಿ. ಕಿತ್ತ ಮರ ಊರ ಗಡಿ ದಾಟಬಾರದು.

ಮುಜರಾಯಿ ಇಲಾಖೆಯವರಿಗೂ ಒಂದು ಮಾತು: ಚರಾಸ್ತಿ ಪಟ್ಟಿಯಲ್ಲಿ ಚಿನ್ನ, ಬೆಳ್ಳಿಗೆ ಇರುವ ಹಾಗೆ ಮರದ ಕೆತ್ತನೆಗೂ ಒಂದು ಕಾಲಂ ಮಾಡಿ, ಅದು ತುಂಬದೆ ಜೀರ್ಣೋದ್ಧಾರಕ್ಕೆ ಅನುಮತಿ ಕೊಡಬೇಡಿ. ಇದಕ್ಕೆ ಹೊಸ ಕಾಯಿದೆಯೂ ಬೇಕಾಗಿಲ್ಲ, ಕೋಟಿ ರೂಪಾಯಿಯೂ ಬೇಕಾಗಿಲ್ಲ. ಪ್ರತಿ ಹೋಬಳಿಯಲ್ಲಿ ನಾಲ್ಕು ಜನ, ಒಂದು ಟೇಪು, ಒಂದು ಮೊಬೈಲು ಇದ್ದರೆ ಮುಂದಿನ ಜಾತ್ರೆಯೊಳಗೆ ಆಗುವ ಕೆಲಸ.